ದೇವೀರಿಯ ಹುಳದ ಸಾಲು

ಹುಳಹುಪ್ಪಟೆಗಳಿಗೂ ಮನುಷ್ಯರಿಗೂ ಒಂದೇ ಹಿತ್ತಲು ಸಾಲುತ್ತಿದ್ದ ಕಾಲದಲ್ಲಿ ಹೀರೆಗಿರಿ ಎಂಬ ರಾಜ್ಯವೊಂದಿತ್ತು. ಅಲ್ಲಿ ಮನೆಗೊಂದು ಕೈತೋಟ, ಕೈತೋಟಕ್ಕೊಂದು ಹುಳದ ಸಾಲು. ಬದನೆಗೆ ಎರಡು ಸಾಲು, ಬೆಂಡೆಗೆ ಎರಡು ಸಾಲು, ಸೊಪ್ಪಿಗೆ ನಾಲ್ಕು ಮಡಿ ಅಂತ ಹಂಚಿಕೊಂಡ ಮೇಲೆ ಬೇಲಿಯ ಪಕ್ಕದ ಕೊನೆಯ ಸಾಲಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ಗಿಡದ ಮೇಲೆ ಕಂಬಳಿಹುಳು ಕಂಡರೆ ಎಲೆಯ ಸಮೇತ ಎತ್ತಿ ತಂದು ಆ ಸಾಲಿನಲ್ಲಿ ಬಿಡುತ್ತಿದ್ದರು. ಅದು ಅಲ್ಲೇ ತಿಂದು, ಗೂಡು ಕಟ್ಟಿ, ಚಿಟ್ಟೆಯಾಗಿ ಎದ್ದು, ಹೀರೆ ಹೂವಿಂದ ಹೀರೆ ಹೂವಿಗೆ, ಕುಂಬಳದ ಹೂವಿಂದ ಕುಂಬಳದ ಹೂವಿಗೆ ಸುತ್ತು ಹಾಕುತ್ತಿತ್ತು. ಚಿಟ್ಟೆ, ಜೇನು, ದುಂಬಿ ಸುತ್ತಿದರೇ ಕಾಯಿ ಕಚ್ಚುವುದು ಅಂತ ಅಲ್ಲಿನ ಮಕ್ಕಳಿಗೂ ಗೊತ್ತಿತ್ತು. ಗೊತ್ತಿದ್ದದ್ದನ್ನು ಮರೆಸಲು ಒಬ್ಬ ದೊರೆ ಬೇಕಾಯಿತು.

ಆ ದೊರೆಯ ಹೆಸರು ಚೊಕ್ಕಭೂಪ. ಅವನಿಗೆ ಎಲ್ಲವೂ ಚೊಕ್ಕಟವಾಗಿರಬೇಕು. ಬಡಿಸಿದ ಸೊಪ್ಪಿನಲ್ಲಿ ಒಂದು ತೂತು ಕಂಡರೂ ಊಟ ಬಿಟ್ಟು ಎದ್ದುಬಿಡುತ್ತಿದ್ದ. ಅರಮನೆಯ ಅಡುಗೆಯವರು ಒಂದೊಂದು ಎಲೆಯನ್ನೂ ಬಿಸಿಲಿಗೆ ಹಿಡಿದು ನೋಡಿ ಆರಿಸುತ್ತಿದ್ದರು, ಪಾಪ. ಇಂಥ ದೊರೆಯ ಬಳಿಗೆ ಬೂದಿಗುಡ್ಡದಿಂದ ಭಸ್ಮಾಕ್ಷ ಎಂಬ ಮಾಂತ್ರಿಕ ಬಂದ.

"ಮಹಾಪ್ರಭು, ನಿಮ್ಮ ಜನ ಒಲೆಯ ಬೂದಿಯನ್ನು ಗಿಡಕ್ಕೆ ಎರಚುತ್ತಾರಲ್ಲ, ಅದರ ಬದಲು ನನ್ನ ಬೂದಿ ಎರಚಲಿ," ಅಂದ ಮಾಂತ್ರಿಕ. "ಒಂದು ಹುಳ ಉಳಿಯುವುದಿಲ್ಲ. ಒಂದು ಎಲೆ ತೂತಾಗುವುದಿಲ್ಲ."

"ಅದಕ್ಕೆ ಪ್ರತಿಯಾಗಿ ನಾವೇನು ಕೊಡಬೇಕು?" ಅಂದ ದೊರೆ.

"ಏನೂ ಬೇಡ ಪ್ರಭು. ತೋಟದಿಂದ ಹೋದ ಹುಳಗಳು ನನಗಿರಲಿ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಮರುದಿನವೇ ಊರೂರಲ್ಲಿ ಡಂಗುರ ಹೊಡೆಸಿದ. ಯಾರ ಹಿತ್ತಲಲ್ಲಿ ಒಂದೂ ತೂತಿನ ಎಲೆ ಕಾಣುವುದಿಲ್ಲವೋ ಅವರಿಗೆ ಅರಮನೆ ತೋಟದ ಪಾರುಪತ್ಯ, ಮೇಲೆ ಒಂದು ಕೆಂಪು ರುಮಾಲು. ಮನೆಮನೆಗೂ ಒಂದೊಂದು ಚೀಲ ಮಾಂತ್ರಿಕನ ಬೂದಿ ಬಂತು. ಜನ ಹುಳದ ಸಾಲನ್ನು ಕಿತ್ತು ಹುಳಗಳನ್ನು ಬೇಲಿಯಾಚೆ ಎಸೆದು, ಬೂದಿ ಎರಚಲು ಸಾಲುಗಟ್ಟಿದರು.

ಪೇಟೆಯ ಅಂಚಿನಲ್ಲಿ ದೇವೀರಿ ಮತ್ತು ಬೊಮ್ಮ ಅಂತ ಅಕ್ಕ ತಮ್ಮ ಇದ್ದರು. ಅಪ್ಪ ಅಮ್ಮ ತೀರಿಕೊಂಡಾಗ ದೇವೀರಿಗೆ ಹದಿನಾಲ್ಕು, ಬೊಮ್ಮನಿಗೆ ನಾಲ್ಕು. ಅವಳೇ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದಳು. ಈಗ ಬೊಮ್ಮ ಆರಡಿ ಆಳು. ತೋಟಕ್ಕೆ ನೀರು ಹಾಯಿಸುತ್ತಿದ್ದ, ಸಂತೆಗೆ ತರಕಾರಿ ಹೊರುತ್ತಿದ್ದ, ಬಂದು ಉಣ್ಣುತ್ತಿದ್ದ, ಉಂಡು ಅರಳಿಕಟ್ಟೆಗೆ ಹೋಗುತ್ತಿದ್ದ. ಕಟ್ಟೆಯ ಮೇಲೆ ಅವನಷ್ಟು ಮಾತುಗಾರ ಇನ್ನೊಬ್ಬನಿರಲಿಲ್ಲ. ಮನೆಯಲ್ಲಿ ಅವನ ಬಾಯಿಂದ ಬರುತ್ತಿದ್ದ ಮಾತು ಎರಡೇ. ಒಂದು "ಆಯ್ತಾ?", ಇನ್ನೊಂದು "ಹಾಕು." ಒಂದು ಅಡುಗೆ ಆಯಿತೇ ಅಂತ, ಇನ್ನೊಂದು ಮುದ್ದೆ ಹಾಕು ಅಂತ.

ಹಾಗಾಗಿ ದೇವೀರಿ ಹುಳಗಳ ಜೊತೆ ಮಾತಾಡುತ್ತಿದ್ದಳು. ಕರಿಬೇವಿನ ಗಿಡದಲ್ಲಿ ಕೂತ ಹಸಿರು ಹುಳಕ್ಕೆ, ಹೂವಿನ ಸುತ್ತ ತಿರುಗುವ ಜೇನಿಗೆ, ಅಡುಗೆಮನೆಯ ಬಾಗಿಲ ಮೇಲೆ ಮಣ್ಣಿನ ಗೂಡು ಕಟ್ಟುವ ಕಡಜಕ್ಕೆ, ಎಲ್ಲರಿಗೂ ಅವಳು ಏನೋ ಒಂದು ಹೇಳುತ್ತಲೇ ಇರುತ್ತಿದ್ದಳು. ಬೊಮ್ಮನಿಗೆ ಅದನ್ನು ಕಂಡರೆ ನಾಚಿಕೆ. ಊರಲ್ಲೆಲ್ಲ ಹುಳದ ಸಾಲು ಹೋಗಿ ತಮ್ಮ ಹಿತ್ತಲಲ್ಲಿ ಮಾತ್ರ ಉಳಿದಾಗ ನಾಚಿಕೆ ಸಿಟ್ಟಾಯಿತು.

"ಅಕ್ಕ, ನಾಳೆ ಬೆಳಿಗ್ಗೆ ಅರಮನೆಯವರು ನೋಡೋಕೆ ಬರ್ತಾರೆ," ಅಂದ ಒಂದು ಸಂಜೆ. "ಆ ಹುಳಗಳನ್ನೆಲ್ಲ ಎಲ್ಲಾದ್ರೂ ಬಿಸಾಕು."

"ಎಲ್ಲಿಗೆ ಅಂತ ಬಿಸಾಕಲೋ? ಊರಿನವರೆಲ್ಲ ಬಿಸಾಕಿದ್ದನ್ನ ಆರಿಸ್ಕೊಂಡು ಬಂದು ಇಲ್ಲಿಟ್ಟಿದೀನಿ. ಇವಕ್ಕೆ ಇನ್ನೆಲ್ಲಿದೆ ಜಾಗ?"

"ಜನ ನಗ್ತಾರಕ್ಕ!"

"ನಗಲಿ ಬಿಡು. ನಕ್ಕರೆ ಹೂ ಉದುರುತ್ತಾ?"

"ಹುಳದ ಜೊತೆ ಮಾತಾಡೋ ಹೆಂಗಸಿನ ತಮ್ಮ ಅಂತಾರೆ ನನ್ನ. ಕೇಳಿ ಕೇಳಿ ಸಾಕಾಗಿದೆ ನನಗೆ."

ದೇವೀರಿ ಅವನ ತಟ್ಟೆ ಎತ್ತಿಕೊಂಡಳು. ಪಾತ್ರೆ ತೊಳೆಯಲು ಎದ್ದು ಹೋದಳು.

ಬೂದಿಯನ್ನು ಇಬ್ಬನಿ ಇರುವಾಗಲೇ ಎರಚಬೇಕು. ಒದ್ದೆ ಎಲೆಗಾದರೆ ಅಂಟಿ ನಿಲ್ಲುತ್ತದೆ, ಒಣ ಎಲೆಗಾದರೆ ಗಾಳಿಗೆ ಹೋಗುತ್ತದೆ. ಅದಕ್ಕೇ ಬೊಮ್ಮ ಬೆಳಕು ಹರಿಯುತ್ತಿದ್ದಂತೆ ಎದ್ದು, ಬಾಯಿಗೂ ಕಿವಿಗೂ ಸೇರಿಸಿ ವಸ್ತ್ರ ಬಿಗಿದುಕೊಂಡು, ಮಾಂತ್ರಿಕನ ಬೂದಿಯ ಚೀಲ ಬಿಚ್ಚಿದ. ಬದನೆಗೆ ಎರಚಿದ, ಬೆಂಡೆಗೆ ಎರಚಿದ. ಅವರೆಯ ಚಪ್ಪರದ ಮೇಲೆ ಕೈಯೆತ್ತಿ ಆಚೆಯ ಹುಳದ ಸಾಲಿನವರೆಗೂ ಎರಚಿದ. ಚಪ್ಪರದ ಆಚೆ ಯಾರಿದ್ದಾರೆ ಅಂತ ನೋಡಲಿಲ್ಲ. ಹೀರೆಗಿರಿಯಲ್ಲಿ ಗಿಡಕ್ಕೆ ಬೂದಿ ಎರಚುವ ಯಾರೂ ಎಲೆಯ ಹಿಂದೆ ನೋಡದೆ ಎರಚುತ್ತಿರಲಿಲ್ಲ. ಬೊಮ್ಮನಿಗೂ ಗೊತ್ತಿದ್ದ ಪದ್ಧತಿ. ಆ ದಿನ ಅವನಿಗೆ ಅವಸರ.

ಬೂದಿ ಇಳಿದ ಮೇಲೆ ನೋಡಿದರೆ ಒಂದು ಹುಳ ಇಲ್ಲ, ಒಂದು ಜೇನಿಲ್ಲ. ಚಪ್ಪರದ ಹಿಂದೆ ಅಕ್ಕನ ಬುಟ್ಟಿ ಮಗುಚಿ ಬಿದ್ದಿತ್ತು. ಅಕ್ಕನೂ ಇಲ್ಲ.

"ಅಕ್ಕಾ!" ಅಂತ ಕೂಗಿದ. ಒಳಗೆ ಒಲೆ ಉರಿಯುತ್ತಿತ್ತು, ಎಸರು ಕುದಿಯುತ್ತಿತ್ತು. ಬಾವಿ ಬಗ್ಗಿ ನೋಡಿದ, ಅಟ್ಟ ಹತ್ತಿ ನೋಡಿದ. ಅಷ್ಟರಲ್ಲಿ ಅರಮನೆಯವರು ಬಂದರು. ತೋಟ ಸುತ್ತಿದರು, ಎಲೆ ಎತ್ತಿ ನೋಡಿದರು, ಭಲೇ ಅಂದರು, ಕೆಂಪು ರುಮಾಲು ತಂದು ಬೊಮ್ಮನ ತಲೆಗೆ ಸುತ್ತಿದರು. ಅವರು ಹೋದ ಮೇಲೆ ಬೊಮ್ಮ ಅಂಗಳದಲ್ಲಿ ನಿಂತ. ತಲೆಯ ಮೇಲೆ ರುಮಾಲಿತ್ತು. ಹೇಗೆ ಕಾಣುತ್ತೆ ಅಂತ ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಊರೂರು ಹುಡುಕಿದ. ಸಿಗಲಿಲ್ಲ. ದಿನಗಳು ಕಳೆದವು, ತಿಂಗಳುಗಳು ಕಳೆದವು. ಹೀರೆಗಿರಿಯ ಎಲೆಗಳು ಹೊಳೆಯುತ್ತಿದ್ದವು, ಒಂದೂ ತೂತಿಲ್ಲ. ಹೂಗಳು ಅರಳಿ ಅರಳಿ ಹಾಗೇ ಉದುರುತ್ತಿದ್ದವು, ಒಂದೂ ಕಾಯಿಲ್ಲ. ಅರಮನೆ ತೋಟದ ಪಾರುಪತ್ಯಗಾರ ಬೊಮ್ಮ ದಿನಾ ಬೆಳಿಗ್ಗೆ ಕುಂಬಳದ ಗಂಡು ಹೂ ಕಿತ್ತು, ದಳ ಬಿಡಿಸಿ, ಒಂದೊಂದೇ ಹೆಣ್ಣು ಹೂವಿಗೆ ಮುಟ್ಟಿಸಿಕೊಂಡು ಹೋಗುತ್ತಿದ್ದ. ಬಿಸಿಲೇರಿ ಹೂ ಮುಚ್ಚಿಕೊಳ್ಳುವ ಹೊತ್ತಿಗೆ ಬೆನ್ನು ಬಿದ್ದು ಹೋಗುತ್ತಿತ್ತು, ತೋಟದ ಕಾಲುಭಾಗವೂ ಮುಗಿದಿರುತ್ತಿರಲಿಲ್ಲ. ದೇಶಕ್ಕೆಲ್ಲ ಬೊಮ್ಮನೊಬ್ಬ ದುಂಬಿಯಾಗಲು ಆಗುತ್ತದೆಯೇ?

ಮನೆಗೆ ಬಂದರೆ ಸದ್ದೇ ಇಲ್ಲ. ಬೊಮ್ಮ ಮುದ್ದೆ ತೊಳಸಲು ಹೋಗಿ ಕೈ ಸುಟ್ಟುಕೊಂಡ, ಗಂಟು ಗಂಟಾದದ್ದನ್ನೇ ಉಂಡ. ಕಟ್ಟೆಯ ಮೇಲೂ ಜನ ಸೇರುತ್ತಿರಲಿಲ್ಲ. ಬರೀ ರಾಗಿ ತಿಂದು ತಿಂದು ಎಲ್ಲರ ಮುಖವೂ ಸೋತಿತ್ತು. ಎಷ್ಟೋ ದಿನ ಬೊಮ್ಮ ಬಾಗಿಲಲ್ಲಿ ನಿಂತು ಸುಮ್ಮನೆ "ಆಯ್ತಾ?" ಅನ್ನುತ್ತಿದ್ದ. ಉತ್ತರ ಬರುವುದಿಲ್ಲ ಅಂತ ಗೊತ್ತಿದ್ದೂ ಅನ್ನುತ್ತಿದ್ದ. ಒಬ್ಬನೇ ಇರುವುದು ಅಂದರೆ ಇಷ್ಟು ಕಷ್ಟ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲ ಮೇಲಿನ ಮಣ್ಣಿನ ಗೂಡು ಕರಕರ ಅಂದಿತು. ಗೂಡಿನ ಬಾಯಿ ಒಡೆದು ಒಂದು ಎಳೆ ಕಡಜ ಹೊರಬಂತು. ಗೂಡಿನ ಬಾಯಿ ಮೆತ್ತಿದ್ದರಿಂದ ಅದಕ್ಕೆ ಬೂದಿ ತಗಲಿರಲಿಲ್ಲ. ಅದು ರೆಕ್ಕೆ ಒಣಗಿಸಿಕೊಂಡು ಬೊಮ್ಮನನ್ನು ನೋಡಿ, "ನೀನೇನೋ ಬೊಮ್ಮ ಅಂದ್ರೆ?" ಅಂದಿತು. ದೇಶದಲ್ಲಿ ಎಷ್ಟು ಮೌನವಿತ್ತೆಂದರೆ ಕಡಜದ ಮಾತು ಕೂಡ ಸ್ಪಷ್ಟವಾಗಿ ಕೇಳುತ್ತಿತ್ತು.

"ನನ್ನ ಹೆಸರು ನಿನಗೆ ಹೇಗೆ ಗೊತ್ತು?"

"ಗೊತ್ತಿಲ್ಲದೆ ಏನು? ಮೊಟ್ಟೆಯೊಳಗಿದ್ದಾಗಿಂದ ನಿಮ್ಮಕ್ಕನ ಬಾಯಲ್ಲಿ ನಿನ್ನ ಸುದ್ದೀನೇ ಕೇಳ್ತಿದ್ದೆ. ಬೊಮ್ಮನಿಗೆ ಏಳು ವರ್ಷಕ್ಕೆ ಜ್ವರ ಬಂದಿತ್ತು, ಹನ್ನೊಂದು ದಿನ ತೊಡೆ ಮೇಲೆ ಮಲಗಿಸ್ಕೊಂಡೇ ಇದ್ದೆ. ಬೊಮ್ಮನಿಗೆ ಹಾಗಲಕಾಯಿ ಆಗಲ್ಲ. ಬೊಮ್ಮ ಇವತ್ತು ಮಾತಾಡಲಿಲ್ಲ, ದಣಿದಿದ್ದ ಅಂತ ಕಾಣುತ್ತೆ. ದಿನಾ ಇದೇ. ಗೋಡೆಯೊಳಗಿದ್ದು ನನಗೂ ಬೇಜಾರಾಗೋದು, ಆದ್ರೂ ಕೇಳ್ತಿದ್ದೆ. ಅವಳಿಗೆ ಹೇಳ್ಕೊಳ್ಳೋಕೆ ಇನ್ಯಾರಿದ್ರು?"

ಬೊಮ್ಮ ಹೊಸ್ತಿಲ ಮೇಲೆ ಕೂತ. "ಅಕ್ಕ ಎಲ್ಲಿ?" ಅಂತ ಕೇಳಿದ.

"ಆ ಬೆಳಿಗ್ಗೆ ಅವಳು ಹುಳದ ಸಾಲಿನಲ್ಲಿದ್ದಳು. 'ಬೊಮ್ಮಾ, ಬೇಡ' ಅಂತ ಒಂದು ಸಲ ಕೂಗಿದಳು. ಆಮೇಲೆ ಆ ದನಿ ಸಣ್ಣಗಾಗ್ತಾ ಆಗ್ತಾ ಹುಳದಷ್ಟು ಸಣ್ಣಗಾಯ್ತು. ಎರಚೋ ಕೈಗೆ ಆ ಬೂದಿ ಏನೂ ಮಾಡಲ್ಲ, ಯಾರ ಮೇಲೆ ಎರಚ್ತಾರೋ ಆ ಜೀವವೆಲ್ಲ ಹುಳವಾಗಿ ಬೂದಿಗುಡ್ಡಕ್ಕೆ ಹೋಗುತ್ತೆ. ಅಲ್ಲಿಗೆ ಮೂರು ದಿನದ ದಾರಿ."

ಬೊಮ್ಮ ಎದ್ದ. ಅಕ್ಕ ಬಿತ್ತನೆ ಬೀಜ ತುಂಬಿ ತೂಗುಹಾಕಿದ್ದ ಸೋರೆ ಬುರುಡೆ ಕಣ್ಣಿಗೆ ಬಿತ್ತು. ಅವಳ ಕೈ ಮುಟ್ಟಿದ ವಸ್ತು ಒಂದಾದರೂ ಜೊತೆಗಿರಲಿ ಅಂತ ಅದನ್ನು ಹೆಗಲಿಗೆ ಹಾಕಿಕೊಂಡ. ಕಡಜ ಹಾರಿ ಬಂದು ಅವನ ಕೆಂಪು ರುಮಾಲಿನ ಮೇಲೆ ಕೂತಿತು. ಕಾಯಿಲ್ಲದ ತೋಟಗಳ ನಡುವೆ, ಮಾತಿಲ್ಲದ ಊರುಗಳ ನಡುವೆ ಬೊಮ್ಮ ಮೊದಲ ದಿನವೆಲ್ಲ ನಡೆದ.

ಎರಡನೆಯ ದಿನ ಒಂದು ಬಯಲು ಅಡ್ಡ ಬಂತು. ಬಯಲ ತುಂಬ ಮಾಂತ್ರಿಕನ ದನಗಳು. ದನ ಅಂದರೆ ಕೊಂಬು ಬಾಲದ ದನ ಅಲ್ಲ. ಗಿಡದ ಚಿಗುರಿಗೆ ಮುತ್ತಿಕೊಂಡು ರಸ ಹೀರುತ್ತದಲ್ಲ ಹಸಿರು ಹೇನು, ಅದು ಇಲ್ಲಿ ಒಂದೊಂದೂ ಕರುವಿನ ಗಾತ್ರ ಬೆಳೆದಿತ್ತು. ಕಂಡ ಗಿಡದ ರಸವನ್ನೆಲ್ಲ ಹೀರಿ ಮೈಯಿಂದ ಅಂಟು ಸುರಿಸುತ್ತ ನಿಂತಿದ್ದವು. ಬೊಮ್ಮ ಒಂದು ಹೆಜ್ಜೆ ಇಟ್ಟ, ಕಾಲು ಅಂಟಿಕೊಂಡಿತು. ಇನ್ನೊಂದು ಇಟ್ಟ, ಅದೂ ಅಂಟಿತು. ಹೇನುಗಳು ಸೊಂಡಿಲು ಚಾಚಿ ಅವನ ಕಡೆ ತಿರುಗಿದವು.

ಆಗ ಹೆಗಲ ಮೇಲಿನ ಸೋರೆ ಬುರುಡೆಯೊಳಗಿಂದ ಒಂದು ಗುಲಗಂಜಿ ಹುಳ ಈಚೆ ಬಂತು. ಕೆಂಪು ಬೆನ್ನು, ಬೆನ್ನ ಮೇಲೆ ಕಪ್ಪು ಚುಕ್ಕಿ. "ಬೀಜದ ನಡುವೆ ಮಲಗಿ ಮಲಗಿ ಹಸಿದು ಸಾಯ್ತಿದ್ದೆ. ಇಷ್ಟೊಂದು ಊಟವನ್ನ ಯಾರಪ್ಪಾ ಬಡಿಸಿಟ್ಟಿದ್ದು?" ಅಂದಿತು. ಒಂದು ಹೇನು ತಿಂದು ಬೆಕ್ಕಿನಷ್ಟಾಯಿತು, ಹತ್ತು ತಿಂದು ಎಮ್ಮೆಯಷ್ಟಾಯಿತು. ಸಂಜೆಯ ಹೊತ್ತಿಗೆ ಬಯಲಿನಲ್ಲಿ ಒಂದು ಹೇನೂ ಇರಲಿಲ್ಲ.

ಹೇನು ಹೋದರೂ ಅಂಟು ಉಳಿದಿತ್ತು. ಬೊಮ್ಮ ಕೆಂಪು ರುಮಾಲನ್ನು ಬಿಚ್ಚಿ ಅಂಟಿನ ಮೇಲೆ ಉದ್ದಕ್ಕೆ ಹಾಸಿದ. ಬಲವಾಗಿ ಕಾಲು ಕಿತ್ತು ಅದರ ಮೇಲಿಟ್ಟು ದಾಟಿದ. ಅದನ್ನು ಮತ್ತೆ ಎತ್ತಿಕೊಳ್ಳಲು ಆಗುವಂತಿರಲಿಲ್ಲ, ಅವನಿಗೆ ಬೇಕೂ ಇರಲಿಲ್ಲ.

ಗುಲಗಂಜಿ ಹುಳ ಹೊಟ್ಟೆ ಭಾರಕ್ಕೆ ಅಲ್ಲೇ ಉರುಳಿಕೊಂಡಿತು. "ನೀನು ದೇವೀರಿ ತಮ್ಮ ಅಲ್ವಾ?" ಅಂದಿತು. "ಜೇನು ಕೀಳೋನೊಬ್ಬ ನಿಮ್ಮಕ್ಕನ್ನ ಕೇಳೋಕೆ ಬಂದಿದ್ದ, ಗೊತ್ತಾ?"

"ಯಾವಾಗ?"

"ನೀನು ಹದಿನೈದು ವರ್ಷದೋನಿದ್ದಾಗ. ನಮ್ಮ ಅಜ್ಜಿಯ ಅಜ್ಜಿಗೆ ಅವಳೇ ಹೇಳಿದ್ದಂತೆ. ಒಳ್ಳೆಯವನು, ನಕ್ಕರೆ ಚೆನ್ನಾಗಿ ಕಾಣ್ತಾನೆ, ಆದ್ರೆ ನಾನು ಹೋದ್ರೆ ಬೊಮ್ಮನಿಗೆ ಒಂದು ಮುದ್ದೆ ಮಾಡೋರು ಯಾರು ಅಂದಳಂತೆ. ಬೇಡ ಅಂತ ಹೇಳಿ ಕಳಿಸಿದಳಂತೆ. ನಮ್ಮ ಮನೆತನದಲ್ಲಿ ಎಲ್ಲರಿಗೂ ಗೊತ್ತು ಈ ಕತೆ."

ಬೊಮ್ಮನಿಗೆ ಗೊತ್ತಿರಲಿಲ್ಲ. ಅವನು ಮೂರನೆಯ ದಿನದ ದಾರಿ ಹಿಡಿದ. ದಾರಿಯುದ್ದಕ್ಕೂ ಅಳುತ್ತಲೇ ನಡೆದ.

ಬೂದಿಗುಡ್ಡದ ಬಾಗಿಲಲ್ಲಿ ರಥದ ಗಾತ್ರದ ಜೇಡವೊಂದು ಬಲೆ ಕಟ್ಟಿ ಕೂತಿತ್ತು. ಜೇಡ ಕೆಟ್ಟದ್ದಲ್ಲ, ತೋಟದಲ್ಲಿ ಅದೂ ಬೇಕು. ಕೆಟ್ಟದ್ದು ಅದರ ಮೇಲಿದ್ದ ಮಂತ್ರ. ಅದು ಎಂಟು ಕಣ್ಣನ್ನೂ ಬೊಮ್ಮನ ಮೇಲೆ ನೆಟ್ಟು ಇಳಿದು ಬಂತು. ಬೊಮ್ಮ ಅಲ್ಲೇ ಬಿದ್ದಿದ್ದ ಕೋಲೊಂದನ್ನು ಎತ್ತಿ ಹೊಡೆದ, ಕೋಲು ಬಲೆಗೆ ಸಿಕ್ಕಿಕೊಂಡಿತು. ಕೈಯಿಂದ ತಳ್ಳಿದ, ಕೈ ಸಿಕ್ಕಿಕೊಂಡಿತು.

"ತಳ್ಳಾಡಬೇಡ, ಸುಮ್ಮನಿರು," ಅಂದಿತು ಕಡಜ. ಜುಯ್ ಅಂತ ಹಾರಿ ಹೋಗಿ ಜೇಡದ ಕತ್ತಿನ ಬುಡಕ್ಕೆ ಒಂದೇ ಒಂದು ಕುಟುಕು ಕೊಟ್ಟಿತು. ಜೇಡದ ಎಂಟು ಕಾಲೂ ಮಡಚಿಕೊಂಡವು. ಅದು ಗೊರಕೆ ಹೊಡೆಯುತ್ತ ಮಲಗಿಬಿಟ್ಟಿತು, ಬಲೆ ಸಡಿಲಾಗಿ ಬೊಮ್ಮನ ಕೈ ಬಿಟ್ಟುಕೊಂಡಿತು.

"ನೀನು ನಡಿ," ಅಂದಿತು ಕಡಜ. "ಮರಿಗಳ ಊಟಕ್ಕೆ ಇಂಥಾ ಜೇಡ ಸಿಕ್ಕಿದ ಮೇಲೆ ನಾನು ಮಣ್ಣು ಹುಡುಕಬೇಕು, ಮನೆ ಕಟ್ಟಬೇಕು. ನಮ್ಮ ಕಸುಬೇ ಇದು, ಬೇಜಾರು ಮಾಡ್ಕೋಬೇಡ."

ಹೀಗೆ ಬೊಮ್ಮ ಒಬ್ಬನೇ ಗುಡ್ಡದೊಳಗೆ ಹೋದ.

ಒಳಗೆಲ್ಲ ಬೂದಿ. ಹೆಜ್ಜೆಯ ಸದ್ದೂ ಕೇಳುತ್ತಿರಲಿಲ್ಲ. ನಡುವೆ ಒಂದು ದೊಡ್ಡ ಕಲ್ಲಿನ ತೊಟ್ಟಿ. ಅದರ ತುಂಬ ಸಾವಿರ ಸಾವಿರ ಹಸಿರು ಹುಳಗಳು, ಒಂದರ ಹಾಗೇ ಇನ್ನೊಂದು. ತೊಟ್ಟಿಯ ಅಂಚಿನಲ್ಲಿ ಭಸ್ಮಾಕ್ಷ ಕೂತಿದ್ದ.

"ಮೆಲ್ಲಗೆ ಮಾತಾಡು," ಅಂದ ಅವನು. "ನನಗೆ ಸದ್ದು ಆಗುವುದಿಲ್ಲ. ಅದರಲ್ಲೂ ರೆಕ್ಕೆಯ ಸದ್ದು ಕೇಳಿದರೆ ನನ್ನ ಮಂತ್ರವೇ ತೊದಲುತ್ತದೆ. ಅದಕ್ಕೇ ಜೇನು, ದುಂಬಿ, ಚಿಟ್ಟೆ ಎಲ್ಲವನ್ನೂ ಹುಳ ಮಾಡಿ ಇಟ್ಟುಕೊಂಡಿದ್ದೇನೆ. ಕೊಂದರೆ ಇನ್ನೆಲ್ಲೋ ಮೊಟ್ಟೆಯೊಡೆದು ಬರುತ್ತವೆ. ಇಟ್ಟುಕೊಂಡರೆ ಇಟ್ಟಲ್ಲೇ ಇರುತ್ತವೆ."

"ನನ್ನ ಅಕ್ಕನನ್ನು ಕೊಡು."

"ನಾನೇನು ಅವಳನ್ನು ಹೊತ್ತು ತಂದೆನೇ? ಒಂದು ಹಿಡಿ ಬೂದಿಯನ್ನೂ ನಾನು ಎರಚಿಲ್ಲ. ಎರಚಿದ್ದು ನೀನು," ಅಂದ ಭಸ್ಮಾಕ್ಷ. "ಆದರೆ ಹುಡುಕಿಕೊಂಡು ಬಂದವರಿಗೆ ಒಂದು ಸಲ ಆರಿಸಲು ಬಿಡಬೇಕು, ಅದು ಈ ಬೂದಿಯ ಕಟ್ಟಳೆ. ಒಂದೇ ಹುಳವನ್ನು ಎತ್ತಿಕೋ. ಅದು ಅವಳಾಗಿದ್ದರೆ ಬೂದಿ ಕಟ್ಟಿದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ಅಲ್ಲವಾದರೆ ನೀನೂ ತೊಟ್ಟಿಯೊಳಗೆ."

ಬೊಮ್ಮ ತೊಟ್ಟಿಗೆ ಬಗ್ಗಿ "ಅಕ್ಕಾ" ಅಂತ ಕರೆದ. ಒಂದು ಹುಳವೂ ತಲೆಯೆತ್ತಲಿಲ್ಲ. "ದೇವೀರಿ" ಅಂದ. "ನಾನು ಕಣಕ್ಕಾ, ಬೊಮ್ಮ" ಅಂದ. ಬೂದಿಯಿಂದ ಹುಳವಾದವರಿಗೆ ಹೆಸರು, ಊರು, ತಮ್ಮ ಯಾವುದೂ ನೆನಪಿರುವುದಿಲ್ಲ. ಮೈಗೆ ಅಭ್ಯಾಸವಾದದ್ದಷ್ಟೇ ಉಳಿಯುತ್ತದೆ. ಅದು ಬೊಮ್ಮನಿಗೆ ಹೇಗೆ ಗೊತ್ತಾಗಬೇಕು? ತೊಟ್ಟಿಯ ಪಕ್ಕ ಕೂತು ಅಕ್ಕನ ಬಗ್ಗೆ ತನಗೆ ಏನು ಗೊತ್ತು ಅಂತ ಯೋಚಿಸಿದ. ಅವಳಿಗೆ ಯಾವ ಬಣ್ಣ ಇಷ್ಟ? ಗೊತ್ತಿಲ್ಲ. ಯಾವ ಹಾಡು ಹಾಡಿಕೊಳ್ಳುತ್ತಿದ್ದಳು? ಗೊತ್ತಿಲ್ಲ. ಏನು ಕಂಡರೆ ಭಯ? ಅದೂ ಗೊತ್ತಿಲ್ಲ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಹದಿನೆಂಟು ವರ್ಷ ಒಂದೇ ಸೂರಿನಡಿ ಇಬ್ಬರೇ ಇದ್ದು ಅವನಿಗೆ ಗೊತ್ತಿದ್ದದ್ದು ಒಂದೇ ಒಂದು. ಮಡಕೆಯ ತಳಕ್ಕೆ ಹತ್ತಿದ ಸೀದ ಮುದ್ದೆ ಅಂದರೆ ಅವಳಿಗೆ ಇಷ್ಟ. ದಿನಾ ಅದನ್ನೇ ಕೆರೆದು ತಿನ್ನುತ್ತಿದ್ದಳು. ಚಿಕ್ಕವನಿದ್ದಾಗ "ಅದ್ಯಾಕಕ್ಕ ತಿಂತೀಯ?" ಅಂತ ಕೇಳಿದ್ದಕ್ಕೆ "ನನಗೆ ಇದೇ ಇಷ್ಟ ಕಣೋ" ಅಂದಿದ್ದಳು. ಅದನ್ನಿಟ್ಟುಕೊಂಡು ಹುಳದ ತೊಟ್ಟಿಯಲ್ಲಿ ಏನು ಮಾಡುವುದು? ಬೊಮ್ಮ ತಲೆ ಚಚ್ಚಿಕೊಂಡ.

ಮಧ್ಯಾಹ್ನ ಭಸ್ಮಾಕ್ಷ ಒಂದು ಬುಟ್ಟಿ ಎಲೆ ತಂದು ತೊಟ್ಟಿಗೆ ಸುರಿದ. ಹುಳಗಳೆಲ್ಲ ಮುಗಿಬಿದ್ದವು. ಚರಚರ ಅಂತ ತಿನ್ನುವ ಸದ್ದು ಎದ್ದಿತು.

ಒಂದು ಹುಳ ಮಾತ್ರ ಎಲೆಯ ಕಡೆ ತಿರುಗದೆ ಮೂಲೆಯಲ್ಲಿ ತಲೆಯೆತ್ತಿ ಕೂತಿತ್ತು. ಇದೇ ಇರಬೇಕು, ಎಲ್ಲರಿಂದ ಬೇರೆಯಾಗಿದೆ ಅಂತ ಬೊಮ್ಮ ಕೈ ಚಾಚಿದ. ಬೆರಳು ಇನ್ನೇನು ತಾಗಬೇಕು, ಅದರ ಬಾಯಿಂದ ಸಣ್ಣ ನೂಲೊಂದು ಕಲ್ಲಿಗೆ ಅಂಟಿರುವುದು ಕಂಡಿತು. ಊಟ ಬಿಟ್ಟು ನೂಲು ತೆಗೆಯುವ ಹುಳ ಗೂಡು ಕಟ್ಟಲು ಹೊರಟ ಹುಳ. ತೋಟದವನಿಗೆ ಅಷ್ಟು ತಿಳಿಯದೇ? ಬೊಮ್ಮ ಕೈ ಹಿಂದಕ್ಕೆ ತೆಗೆದ. ಗೂಡು ಕಟ್ಟಿದರೆ ರೆಕ್ಕೆ ಬಂದೀತು ಅಂತ ಭಸ್ಮಾಕ್ಷ ಮುಖ ಸಿಂಡರಿಸಿ ಆ ಹುಳದ ಮೇಲೆ ಒಂದು ಚಿಟಿಕೆ ಬೂದಿ ಹಾಕಿ ನೂಲು ಹರಿದ.

ಆಗ ಇನ್ನೊಂದು ಹುಳ ಕಂಡಿತು. ಅದು ಹಸಿದಿತ್ತು, ನೋಡಿದರೇ ಗೊತ್ತಾಗುತ್ತಿತ್ತು, ಮೈ ಸೊರಗಿ ತೆಳ್ಳಗಿತ್ತು. ಆದರೂ ಎಲೆಗೆ ಬಾಯಿ ಹಾಕಿರಲಿಲ್ಲ. ಎಲೆಯ ಒಂದು ಚೂರನ್ನು ತಲೆಯಿಂದ ತಳ್ಳಿ ತಳ್ಳಿ, ಗುಂಪಿನೊಳಗೆ ನುಗ್ಗಲಾಗದ ಮರಿಹುಳವೊಂದರ ಮುಂದೆ ಇಟ್ಟಿತು. ಪಕ್ಕಕ್ಕೆ ಸರಿದು ಕಾಯಿತು. ಎಲ್ಲ ಹುಳಗಳೂ ತಿಂದು ತಿರುಗಿದವು. ಎಲೆ ಮುಗಿದು ಬರೀ ನಾರಿನ ದಂಟು ಉಳಿಯಿತು. ಆಗ ಅದು ಮೆಲ್ಲಗೆ ಮುಂದೆ ಬಂದು ಆ ದಂಟನ್ನು ಕೆರೆಯತೊಡಗಿತು.

ಬೊಮ್ಮನ ಎದೆ ಒಡೆದು ಹೋಯಿತು. ದಂಟು ಇಷ್ಟವಾಗಿ ತಿನ್ನುವ ಹುಳ ಲೋಕದಲ್ಲಿ ಇಲ್ಲ. ಉಳಿದದ್ದು ಅದೊಂದೇ ಆದಾಗ ತಿನ್ನಬೇಕಾಗುತ್ತದೆ, ಅಷ್ಟೇ.

"ಅಕ್ಕ," ಅಂದ. ಎರಡೂ ಕೈ ಸೇರಿಸಿ ಆ ಹುಳವನ್ನು ಎತ್ತಿಕೊಂಡ.

ಬೂದಿಯ ಕಟ್ಟು ಬಿಚ್ಚಿಕೊಂಡಿತು. ತೊಟ್ಟಿಯಿಂದ ಮೊದಲು ಒಂದು ಜೇನು ಎದ್ದಿತು, ಆಮೇಲೆ ಒಂದು ದುಂಬಿ, ಆಮೇಲೆ ಹಳದಿ, ಬಿಳಿ, ಕಪ್ಪು, ನೀಲಿ ಚಿಟ್ಟೆಗಳು ಸಾವಿರ ಸಾವಿರ ಎದ್ದವು. ಗುಡ್ಡದ ತುಂಬ ರೆಕ್ಕೆಯ ಸದ್ದು. ಭಸ್ಮಾಕ್ಷ ಮಂತ್ರ ಹೇಳಲು ಬಾಯಿ ತೆರೆದ, ಬ ಬ ಬ ಅಂತ ತೊದಲಿದ, ಕಿವಿ ಮುಚ್ಚಿಕೊಂಡು ಹೊರಗೆ ಓಡಿದ. ಜೇನುಗಳು ಗುಂಯ್ ಅಂತ ಹಿಂದೆ ಬಿದ್ದವು. ಅವನು ಎಲ್ಲೂ ನಿಲ್ಲದೆ ಓಡಿ, ರೆಕ್ಕೆಯ ಪ್ರಾಣಿ ಒಂದೂ ಇರದ ಮರಳುಗಾಡು ಸೇರಿದನಂತೆ. ಅಲ್ಲೂ ಒಂದು ನೊಣ ಅವನನ್ನು ಬಿಟ್ಟಿಲ್ಲ ಅಂತ ಹೇಳುತ್ತಾರೆ.

ಬೊಮ್ಮನ ಎದುರಿಗೆ ದೇವೀರಿ ನಿಂತಿದ್ದಳು. ಸೀರೆಯೆಲ್ಲ ಬೂದಿ, ಮುಖ ಬಿಳುಚಿಕೊಂಡಿತ್ತು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎಷ್ಟು ಸೊರಗಿದೀಯೋ," ಅಂದಳು. "ಉಂಡ್ಯಾ?"

ಬೊಮ್ಮ ಅವಳ ಕಾಲು ಹಿಡಿದುಕೊಂಡು ಗೋಳೋ ಅಂತ ಅತ್ತ. "ನಾನು ನೋಡದೆ ಎರಚಿದೆ ಅಕ್ಕ. ಹಿಂದೆ ನೀನಿದ್ದೀಯ ಅಂತ ನೋಡಲೇ ಇಲ್ಲ," ಅಂದ. ಅವಳು ಅವನ ತಲೆಯ ಮೇಲಿನ ಬೂದಿ ಕೊಡವುತ್ತ ನಿಂತಳು.

ವಾಪಸು ಬರುವ ದಾರಿಯಲ್ಲಿ ಬೊಮ್ಮ ಮೂರು ದಿನವೂ ಮಾತಾಡಿದ. ನಡುವೆ ಒಮ್ಮೆ ಜೇನು ಕೀಳುವವನ ವಿಷಯ ಕೇಳಿದ. ದೇವೀರಿ ಸೀರೆಯ ಬೂದಿ ಕೊಡವಿಕೊಳ್ಳುತ್ತ ನಡೆದಳು.

"ಅವನಿಗೀಗ ಮೂರು ಮಕ್ಕಳು ಕಣೋ," ಅಂದಳು. "ಇರಲಿ ಬಿಡು."

ಇರಲಿ ಅಂದರೂ ಅದು ಇಬ್ಬರ ಜೊತೆಯೂ ಬಹಳ ದೂರ ನಡೆದು ಬಂತು.

ಚಿಟ್ಟೆಗಳು ಅವರಿಗಿಂತ ಮೊದಲೇ ಹೀರೆಗಿರಿ ಸೇರಿದ್ದವು. ಕುಂಬಳ ಕಾಯಿ ಕಚ್ಚಿತು, ಹೀರೆ ಚಪ್ಪರ ಜಗ್ಗಿತು, ಬದನೆ ಗಿಡ ಬಾಗಿತು. ಜನ ನಾಚಿಕೊಂಡು ಹುಳದ ಸಾಲನ್ನು ಮತ್ತೆ ಬಿತ್ತಿದರು. ಚೊಕ್ಕಭೂಪ ದೊರೆ ಆರು ತಿಂಗಳು ಬರೀ ರಾಗಿ ಗಂಜಿ ಕುಡಿದು ಬುದ್ಧಿ ಕಲಿತಿದ್ದ. ಈಗ ತೂತಿಲ್ಲದ ಸೊಪ್ಪು ಬಡಿಸಿದರೆ ಅನುಮಾನದಿಂದ ತಿರುಗಿಸಿ ನೋಡಿ, ಹುಳವೇ ಒಲ್ಲೆ ಅಂದದ್ದನ್ನು ನನಗೆ ಕೊಡುತ್ತೀರಾ ಅಂತ ಅಡುಗೆಯವರನ್ನು ಗದರಿಸುತ್ತಿದ್ದ. ಪಾಪದ ಅಡುಗೆಯವರಿಗೆ ಕೆಲಸವೇನೂ ಕಡಿಮೆಯಾಗಲಿಲ್ಲ. ಉಳಿದವರೆಲ್ಲ ಉಂಡುಟ್ಟು ಸುಖವಾಗಿದ್ದರು.

ಬೊಮ್ಮನ ಮನೆಗೆ ಮಾತ್ರ ಸುಖ ಸ್ವಲ್ಪ ತಡವಾಗಿ ಬಂತು. ಊರಿಗೆ ಬಂದ ಮೊದಲ ದಿನ ಬೊಮ್ಮನೇ ಅಡುಗೆ ಮಾಡಿದ. ಮುದ್ದೆ ಗಂಟಾಗಿತ್ತು, ತಳ ಹತ್ತಿತ್ತು. ಅಕ್ಕನನ್ನು ಮೊದಲು ಕೂರಿಸಿ ಬಡಿಸಿದ. ಅವಳಿಗೆ ಕೈ ಆಡಲಿಲ್ಲ. ಅವನು ನಿಂತಿರುವಾಗ ತಾನು ಉಣ್ಣುವುದು ಹೇಗೆ ಅಂತ ತಿಳಿಯದೆ ತಟ್ಟೆ ನೋಡುತ್ತ ಕೂತಳು. ಅಭ್ಯಾಸಬಲದಿಂದ ಮಡಕೆಯ ಕಡೆ ಕೈ ಹೋಯಿತು.

"ಅಕ್ಕ, ನಿಜ ಹೇಳು," ಅಂದ ಬೊಮ್ಮ. "ಅದು ನಿನಗೆ ಇಷ್ಟವಾ?"

ದೇವೀರಿ ಮಡಕೆಯಿಂದ ಕೈ ಹಿಂದಕ್ಕೆ ತೆಗೆದಳು. ಕಣ್ಣಲ್ಲಿ ನೀರು ತುಂಬಿತು. "ಇಲ್ಲ ಕಣೋ," ಅಂದಳು. "ಒಂದು ದಿನವೂ ಇಷ್ಟ ಇರಲಿಲ್ಲ."

"ಮತ್ತೆ ಏನಿಷ್ಟ?"

ಅವಳು ಯೋಚಿಸಿದಳು. ಎಷ್ಟು ಯೋಚಿಸಿದರೂ ಏನೂ ಹೊಳೆಯಲಿಲ್ಲ. "ಗೊತ್ತಿಲ್ಲವಲ್ಲೋ," ಅಂದಳು. "ಯಾರೂ ಕೇಳಿರಲಿಲ್ಲ."

ಮರುದಿನದಿಂದ ಇಬ್ಬರೂ ಅದನ್ನು ಹುಡುಕಲು ಕೂತರು. ತೋಟದಲ್ಲಿ ಕಚ್ಚಿದ್ದನ್ನೆಲ್ಲ ಒಂದೊಂದಾಗಿ ತಂದು ಬೊಮ್ಮ ಮಾಡಿ ಬಡಿಸುತ್ತಿದ್ದ, ಎದುರಿಗೆ ಕೂತು ಅವಳ ಮುಖ ನೋಡುತ್ತಿದ್ದ. ಬೆಂಡೆ ಅಲ್ಲ. ಬದನೆಯ ಗೊಜ್ಜೂ ಅಲ್ಲ. ಹಾಗಲವನ್ನು ಅವನೇ ಮುಖ ಸಿಂಡರಿಸಿಕೊಂಡು ಮಾಡಿದ, ಅದೂ ಅಲ್ಲ. ಅವರೆ ಬಂತು, ಅವರೆ ಮುಗಿಯಿತು. ಒಂದು ಮಧ್ಯಾಹ್ನ ಎಳೆ ಕುಂಬಳಕಾಯಿಯ ಪಲ್ಯಕ್ಕೆ ಅವನ ಕೈ ಜಾರಿ ಬೆಲ್ಲ ಹೆಚ್ಚು ಬಿತ್ತು. ಹಾಳಾಯಿತು ಅಂದುಕೊಂಡೇ ಬಡಿಸಿದ. ದೇವೀರಿ ಒಂದು ತುತ್ತು ತಿಂದಳು, ತಟ್ಟೆಯಲ್ಲಿದ್ದದ್ದನ್ನೆಲ್ಲ ಬಳಿದು ತಿಂದಳು. ಆಮೇಲೆ ತಟ್ಟೆ ಮುಂದೆ ಚಾಚಿ, ಹುಟ್ಟಿದಾಗಿನಿಂದ ಮೊದಲ ಸಲ, "ಇನ್ನೊಂಚೂರು ಹಾಕು" ಅಂದಳು.